ಬಚ್ಚಲ ಗೀಜರು, ಪಡಸಾಲೆಯ ಮೇನ್ ಬೋರ್ಡು

ದೀಪಾವಳಿ ಕಳೆದು ಎರೆಹೊಲದ ಬಿಳಿಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ಮಲಪ್ರಭೆಯ ಸುತ್ತಿನ ಊರುಗಳಲ್ಲಿ ನಸುಕಿನ ಚಳಿ ಬಿಗಿಯಾಗುತ್ತದೆ. ಜಳಕದ ನೀರು ಕಾಯಿಸುವುದು ಆಗ ಮನೆಯ ದೊಡ್ಡ ಕೆಲಸ. ಹತ್ತಿಕಟ್ಟಿಗೆ, ಕುಳ್ಳು, ಗೋವಿನಜೋಳದ ಬೆಂಡು ಹಾಕಿ ಹಂಡೆಯ ಒಲೆ ಉರಿಸುತ್ತಿದ್ದ ಎಷ್ಟೋ ಬಚ್ಚಲುಗಳಲ್ಲಿ ಈಗ ಗೋಡೆಯ ಮೇಲೊಂದು ಪುಟ್ಟ ಬಿಳಿ ಡಬ್ಬಿ ಕೂತಿದೆ. ಅದು ಮೂರು ಲೀಟರಿನ ಇನ್‌ಸ್ಟಂಟ್ ಗೀಜರು. ಬೆಲೆ ಮೂರು-ನಾಲ್ಕು ಸಾವಿರ. ನಳ ತಿರುವಿದ ಒಂದೆರಡು ನಿಮಿಷದಲ್ಲಿ ಬಿಸಿನೀರು. ಸಂಗೊಳ್ಳಿಯಿಂದಲೋ ಕಿತ್ತೂರಿನಿಂದಲೋ ಬೈಲಹೊಂಗಲದ ಪೇಟೆಗೆ ಬಂದು ಇದನ್ನು ಕೊಳ್ಳುವವರು ಅಂಗಡಿಯಲ್ಲಿ ಲೀಟರ್ ಎಷ್ಟು, ಗ್ಯಾರಂಟಿ ಎಷ್ಟು ವರ್ಷ, ಬೆಲೆಯಲ್ಲಿ ಏನು ಬಿಡುತ್ತೀರಿ ಎಂದು ಕೇಳುತ್ತಾರೆ. ಇದಕ್ಕೆಲ್ಲ ಮೊದಲು ಕೇಳಬೇಕಾದದ್ದು, ನಮ್ಮ ಪಡಸಾಲೆಯ ಗೋಡೆಯಲ್ಲಿರುವ ಮೇನ್ ಬೋರ್ಡಿಗೆ ಇದನ್ನು ಹೊರುವ ತಾಕತ್ತು ಇದೆಯೇ ಎಂದು. ಅದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ನೋಡಿಕೊಂಡು ಹೋಗಬೇಕು.

ಡಬ್ಬಿಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ 3000 ವ್ಯಾಟ್, 230 ವೋಲ್ಟ್ ಎಂದು ಬರೆದಿರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 13 ಆಂಪಿಯರ್. ಹಳ್ಳಿಯ ಮನೆಯೊಂದರ ಎಲ್ಲ ಎಲ್‌ಇಡಿ ದೀಪ, ಫ್ಯಾನು, ಟಿವಿ ಒಟ್ಟಿಗೆ ಹಚ್ಚಿದರೂ ಮೂರು ಆಂಪಿಯರ್ ದಾಟುವುದು ಅಪರೂಪ. ಇಡೀ ಮನೆ ಎಳೆಯುವುದರ ನಾಲ್ಕು ಪಟ್ಟನ್ನು ಬಚ್ಚಲ ಗೋಡೆಯ ಒಂದೇ ಡಬ್ಬಿ ಎಳೆಯುತ್ತದೆ.

ಇಷ್ಟೊಂದು ಯಾಕೆ ಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮುಂದಿನ ಎಲ್ಲ ತೊಂದರೆಗಳ ಬೇರು ಇಲ್ಲಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಚಳಿಗಾಲದ ಬೆಳಿಗ್ಗೆ ಮಾಳಿಗೆಯ ಟ್ಯಾಂಕಿನ ನೀರು 20 ಡಿಗ್ರಿ ಇದೆ, ಜಳಕಕ್ಕೆ 42 ಡಿಗ್ರಿ ಬೇಕು ಎಂದುಕೊಳ್ಳಿ. 20 ಲೀಟರಿನ ಒಂದು ಬಕೆಟ್ಟಿಗೆ ಬೇಕಾಗುವುದು ಸರಿಸುಮಾರು ಅರ್ಧ ಯುನಿಟ್ ವಿದ್ಯುತ್. ಹೀಟರ್ ರಾಡು ಇಳಿಬಿಟ್ಟರೂ ಅಷ್ಟೇ, ದೊಡ್ಡ ಟಾಕಿಯ ಗೀಜರಿನಲ್ಲಿ ಕಾಯಿಸಿದರೂ ಅಷ್ಟೇ, ಇನ್‌ಸ್ಟಂಟ್ ಗೀಜರಿನಲ್ಲಿ ಕಾಯಿಸಿದರೂ ಅಷ್ಟೇ. ಟಾಕಿಯಲ್ಲಿ ನಿಂತ ನೀರು ಆರುವಾಗ ಆಗುವ ಸಣ್ಣ ನಷ್ಟ ಬಿಟ್ಟರೆ ಬಕೆಟ್ಟಿನ ಲೆಕ್ಕ ಬದಲಾಗುವುದಿಲ್ಲ. ಬದಲಾಗುವುದು ಆ ಅರ್ಧ ಯುನಿಟ್ಟನ್ನು ಎಷ್ಟು ಹೊತ್ತಿನಲ್ಲಿ ಎಳೆಯುತ್ತೇವೆ ಎಂಬುದು. ನವಿಲುತೀರ್ಥದ ಕಾಲುವೆಯಿಂದ ಒಂದು ಹೊಲಕ್ಕೆ ಬೇಕಾದ ನೀರನ್ನು ದಿನವಿಡೀ ಸಣ್ಣಗೆ ಹರಿಸಬಹುದು, ಒಂದೇ ತಾಸಿನಲ್ಲೂ ನುಗ್ಗಿಸಬಹುದು. ಎರಡನೆಯದಕ್ಕೆ ಹೊಲಗಾಲುವೆಯ ಒಡ್ಡು ತಾಳಬೇಕು. ಮನೆಯ ವೈರು, ಫ್ಯೂಜು, ಮೀಟರು, ಕಂಬದಿಂದ ಬಂದ ಸರ್ವಿಸ್ ವೈರು ಇವೆಲ್ಲ ಆ ಒಡ್ಡುಗಳು.

3 ಕಿಲೋವ್ಯಾಟಿನ ಗೀಜರು ಆ ಒಂದು ಬಕೆಟ್ ತುಂಬಲು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಅಂದರೆ ನಿಮಿಷಕ್ಕೆ ಎರಡು ಲೀಟರ್. ಬಕೆಟ್ಟಿನಲ್ಲಿ ಹಿಡಿದು ತಂಬಿಗೆಯಿಂದ ಸುರಿದುಕೊಳ್ಳುವವರಿಗೆ ಇದು ಸಾಕು. ಶವರ್ ಕೆಳಗೆ ನಿಲ್ಲುವವರಿಗೆ ಸಾಲದು, ಏಕೆಂದರೆ ಸಾಧಾರಣ ಶವರ್ ನಿಮಿಷಕ್ಕೆ ಎಂಟು ಲೀಟರ್ ಸುರಿಯುತ್ತದೆ. ಅಷ್ಟು ನೀರನ್ನು ಹರಿಯುತ್ತಿರುವಾಗಲೇ 22 ಡಿಗ್ರಿ ಏರಿಸಬೇಕೆಂದರೆ 12 ಕಿಲೋವ್ಯಾಟ್ ಮಿಕ್ಕಿ ಬೇಕು, 53 ಆಂಪಿಯರ್.

ಹೊರದೇಶದಲ್ಲಿ ನೆಲೆಸಿದ ನಮ್ಮವರು ಈ ಲೆಕ್ಕವನ್ನು ಅನುಭವದಿಂದ ಬಲ್ಲರು. ಬ್ರಿಟನ್ನಿನ ವೋಲ್ಟೇಜ್ ನಮ್ಮಂತೆಯೇ 230. ಅಲ್ಲಿಯ ಮನೆಗಳಲ್ಲಿ ಎಂಟೂವರೆಯಿಂದ ಹತ್ತೂವರೆ ಕಿಲೋವ್ಯಾಟಿನ ವಿದ್ಯುತ್ ಶವರ್ ಸಾಮಾನ್ಯ. ದೊಡ್ಡ ಶವರಿಗೆ ಬೋರ್ಡಿನಿಂದ ಬಚ್ಚಲವರೆಗೆ 10 ಚದರ ಮಿಲಿಮೀಟರಿನ ದಪ್ಪ ತಾಮ್ರದ ಕೇಬಲ್ಲನ್ನು ಬೇರೆಯಾಗಿಯೇ ಎಳೆಯುತ್ತಾರೆ. ಅಮೆರಿಕದ ಚಳಿರಾಜ್ಯಗಳಲ್ಲಿ ಇಡೀ ಮನೆಗೆ ಒಂದೇ ಟಾಕಿಯಿಲ್ಲದ ಹೀಟರು ಹಾಕಿಸುವುದಾದರೆ ಅದು 27 ಕಿಲೋವ್ಯಾಟಿನದೂ ಆಗಿರಬಹುದು. ಅಲ್ಲಿಯ 240 ವೋಲ್ಟಿನಲ್ಲಿ ಅದೊಂದೇ 112 ಆಂಪಿಯರ್ ಎಳೆಯುತ್ತದೆ, 40 ಆಂಪಿಯರಿನ ಮೂರು ಜೋಡಿ ಬ್ರೇಕರ್ ಬೇಡುತ್ತದೆ. 200 ಆಂಪಿಯರಿನ ಪ್ಯಾನಲ್ ಇರುವ ಹೊಸ ಮನೆಯಲ್ಲೂ ಅರ್ಧಕ್ಕಿಂತ ಹೆಚ್ಚು ಜಾಗ ಅದಕ್ಕೇ ಹೋಗುತ್ತದೆ. 100 ಆಂಪಿಯರಿನ ಹಳೆಯ ಪ್ಯಾನಲ್ ಇದ್ದವರು ಹೀಟರಿಗಿಂತ ಮೊದಲು ಪ್ಯಾನಲ್ ಬದಲಿಸಲು ಹಣ ಹೊಂದಿಸಬೇಕು. ಇಂಥ ಹೀಟರು ಚೆನ್ನಾಗಿದೆ ಎಂದು ಅಲ್ಲಿಂದ ಮಗನೋ ಅಳಿಯನೋ ಫೋನಿನಲ್ಲಿ ಹೇಳಿದರೆ, ಅದರ ಹಿಂದೆ ಯಾವ ಬೋರ್ಡು ನಿಂತಿದೆ ಎಂಬುದನ್ನೂ ಕೇಳಿಕೊಳ್ಳಬೇಕು.

ನಮ್ಮ ಕಡೆಯ ಬೋರ್ಡುಗಳ ಸ್ಥಿತಿ ಹೇಗಿದೆ? ಹೊಸದಾಗಿ ಕಟ್ಟಿದ ಆರ್‌ಸಿಸಿ ಮನೆಯಲ್ಲಿ ಭಾರ ಮಿತಿಮೀರಿದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚುಗಳಿರುವ ಡಿಬಿ ಪೆಟ್ಟಿಗೆ, ಮೇಲೆ 32 ಆಂಪಿಯರಿನ ಮೇನು ಇರಬಹುದು. ಹಳೆಯ ಮಾಳಿಗೆ ಮನೆಯಲ್ಲಿ ಕಬ್ಬಿಣದ ಮೇನ್ ಸ್ವಿಚ್ಚು, ಪಿಂಗಾಣಿಯ ಕಟೌಟು, ಜಂತಿಗುಂಟ ಕಟ್ಟಿಗೆಯ ಪಟ್ಟಿ ಹೊಡೆದು ಎಳೆದ ವೈರು ಈಗಲೂ ಸಿಗುತ್ತದೆ. ಮೀಟರಿನ ಮೇಲೆ ಬರೆದದ್ದನ್ನು ಓದಿ ನೋಡಿ. ಸಿಂಗಲ್ ಫೇಸಿನ ಎಷ್ಟೋ ಮೀಟರುಗಳಲ್ಲಿ 5–30 ಆಂಪಿಯರ್ ಎಂದಿರುತ್ತದೆ. ಅದರ ಮೇಲಿನ ಮಿತಿ 30, ಕಿಲೋವ್ಯಾಟಿನಲ್ಲಿ ಹೇಳುವುದಾದರೆ ಏಳಕ್ಕೆ ಸ್ವಲ್ಪ ಕಡಿಮೆ.

ಮುಂಜಾನೆ ಆರೂವರೆಯ ಹೊತ್ತನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಚ್ಚಲಲ್ಲಿ ಗೀಜರು 13. ನೀರು ಬಂದ ಹೊತ್ತೆಂದು ಟ್ಯಾಂಕಿಗೆ ಏರಿಸುವ ಒಂದು ಎಚ್‌ಪಿ ಮೋಟರು ಐದಾರು, ಚಾಲೂ ಆಗುವ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು. ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸರ್ ಎರಡು-ಮೂರು. ಶಾಲೆಯ ಅಂಗಿಗೆ ಇಸ್ತ್ರಿ ನಾಲ್ಕು. ಇಂಡಕ್ಷನ್ ಒಲೆ ಇದ್ದರೆ ಇನ್ನೂ ಎಂಟೂವರೆ. ಕೂಡಿದರೆ 33, 34 ಆಂಪಿಯರ್. ಒಂದೊಂದಾಗಿ ನೋಡಿದರೆ ಯಾವುದೂ ಅತಿಯಲ್ಲ, ಎಲ್ಲವೂ ಒಂದೇ ಕಾಲು ತಾಸಿನಲ್ಲಿ ಸೇರಿದಾಗ ಮೀಟರೂ ಮೇನೂ ಮಿತಿ ದಾಟುತ್ತವೆ. ಮೇಲಿನ ಮನೆಯಲ್ಲಿ ಎರಡನೆಯ ಬಚ್ಚಲು ಕಟ್ಟಿ ಇನ್ನೊಂದು ಗೀಜರು ಹಾಕಿದರಂತೂ ಅವೆರಡೇ 26.

ಇಲ್ಲಿ ಭಾಗ್ಯಜ್ಯೋತಿಯ ಮನೆಗಳನ್ನು ನೆನೆಯಲೇಬೇಕು. ಬಡವರ ಮನೆಗೆ ಒಂದು ದೀಪವಾದರೂ ಇರಲಿ ಎಂದು ದೇವರಾಜ ಅರಸರ ಕಾಲದಲ್ಲಿ ಹೊರಟ ಆ ಯೋಜನೆಯಲ್ಲಿ ಕೊಟ್ಟದ್ದು 40 ವ್ಯಾಟಿನ ಒಂದು ಬಲ್ಬಿಗೆ ಬೇಕಾದ ಸಂಪರ್ಕ. ಆ ಮನೆಗಳು ಈಗ ಬೆಳೆದಿವೆ, ಮಕ್ಕಳು ದುಡಿಯುತ್ತಿದ್ದಾರೆ, ಟಿವಿ, ಫ್ರಿಜ್ಜು ಬಂದಿವೆ. ಬಿಸಿನೀರಿನ ಜಳಕ ಅವರಿಗೂ ಬೇಕು, ಬೇಕೇ ಬೇಕು. ಆದರೆ 40 ವ್ಯಾಟಿಗೆಂದು ಎಳೆದ ತಂತಿಗೆ 3000 ವ್ಯಾಟ್ ಹೊರಿಸಿದರೆ ಅದು 75 ಪಟ್ಟು. ಅಂಥ ಮನೆಯಲ್ಲಿ ಗೀಜರಿನ ಬೆಲೆಯೊಂದಿಗೆ ವೈರಿಂಗಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಬೋರ್ಡಿನೊಳಗಿನ ಎಂಸಿಬಿಯ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಗೀಜರು ಹಚ್ಚಿದಾಗ ಅದು ಬೀಳುತ್ತದೆ, ಅಂದರೆ ಅದು ಸಣ್ಣದಾಯಿತು, ದೊಡ್ಡದು ಹಾಕಿದರೆ ಸರಿಹೋಗುತ್ತದೆ ಎಂದು. ವೈರಿಂಗ್ ಕೆಲಸದವರಿಗೆ ಈ ಮಾತು ದಿನವೂ ಕಿವಿಗೆ ಬೀಳುತ್ತದೆ. "ಒಂದ ಸಮನ ಟ್ರಿಪ್ ಆಗಾಕತ್ತೈತಿ ನೋಡಪಾ, ಒಂದು ದೊಡ್ಡದ ಹಾಕಿಬಿಡು." ಬಲ್ಲ ಕೆಲಸಗಾರ ಆಗ ಒಪ್ಪುವುದಿಲ್ಲ. "ದೊಡ್ಡದ ಹಾಕಿದ್ರ ಎಂಸಿಬಿ ಬೀಳೂದಿಲ್ರೀ ಯಜಮಾನ್ರ, ವೈರ್ ಸುಡತೈತಿ." ಇಷ್ಟು ಹೇಳಿ ನಿಲ್ಲುವ ಕೆಲಸಗಾರನಿಗೆ ಮನೆಯವರು ಋಣಿಯಾಗಿರಬೇಕು.

ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ಅದರಲ್ಲಿ ಎರಡು ಭಾಗಗಳಿವೆ. ಒಂದು, ಬಿಸಿಯಾದಂತೆ ಬಾಗುವ ಎರಡು ಲೋಹದ ಪಟ್ಟಿ, ನಿಧಾನವಾಗಿ ಏರುವ ಅತಿಭಾರವನ್ನು ಹಿಡಿಯುವುದು ಇದು. ಇನ್ನೊಂದು, ಶಾರ್ಟ್ ಆದಾಗ ಕಣ್ಣು ಮಿಟುಕಿಸುವುದರೊಳಗೆ ಎಳೆದುಬಿಡುವ ವಿದ್ಯುತ್ಕಾಂತ. ಮೊದಲನೆಯದು ತಾಳ್ಮೆಯಿಂದ ಕೆಲಸ ಮಾಡುತ್ತದೆ. 32 ಆಂಪಿಯರಿನ ಎಂಸಿಬಿ 36 ಆಂಪಿಯರ್ ಹರಿದರೆ ಒಂದು ತಾಸು ಬೀಳಬಾರದು, 46 ಹರಿದರೆ ಒಂದು ತಾಸಿನೊಳಗೆ ಬೀಳಲೇಬೇಕು. ಮಾನದಂಡದಲ್ಲಿರುವ ಮಿತಿ ಇದು. ಮೊದಲನೆಯವರ ಜಳಕ ಮುಗಿದು ಎರಡನೆಯವರು ಸೋಪು ಹಚ್ಚಿಕೊಂಡ ಹೊತ್ತಿಗೆ ಕರೆಂಟು ಹೋಗುವುದು ಇದರಿಂದಲೇ. ಅಷ್ಟು ಹೊತ್ತು ಆ ಪಟ್ಟಿ ಕಾಯುತ್ತಾ ಬಾಗುತ್ತಿರುತ್ತದೆ, ಅಷ್ಟೂ ಹೊತ್ತು ವೈರೂ ಕಾಯುತ್ತಿರುತ್ತದೆ. ಒಂದೂವರೆ ಚದರ ಮಿಲಿಮೀಟರಿನ ವೈರಿಗೆ 32ರ ಎಂಸಿಬಿ ಕಟ್ಟಿದರೆ, ವೈರಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಕರಗುವವರೆಗೂ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಪಿಂಗಾಣಿ ಕಟೌಟಿನಲ್ಲಿ ಫ್ಯೂಜ್ ತಂತಿಯ ಬದಲು ನಾಲ್ಕೆಳೆ ತಾಮ್ರ ಸುತ್ತುವುದು ಇನ್ನೂ ಅಪಾಯ. ಅಲ್ಲಿ ಕಾಯುವವರೇ ಇಲ್ಲದಂತಾಗುತ್ತದೆ. ಕಟ್ಟಿಗೆಯ ತೊಲೆ, ಜಂತಿ ಇರುವ ಮಾಳಿಗೆ ಮನೆಯಲ್ಲಿ ಇದರ ಕೊನೆ ಬೆಂಕಿ.

ಹಾಗಾದರೆ ಸರಿಯಾದ ಜೋಡಿ ಯಾವುದು? 3 ಕಿಲೋವ್ಯಾಟಿನ ಒಂದು ಗೀಜರಿಗೆ ಬೋರ್ಡಿನಿಂದ ನೇರವಾಗಿ, ನಡುವೆ ಯಾವ ಪ್ಲಗ್ಗಿಗೂ ಕವಲೊಡೆಯದೆ, 4 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೆ 20 ಆಂಪಿಯರಿನ ಎಂಸಿಬಿ. ಎರಡೂವರೆ ಚದರದ ವೈರಾದರೆ ಎಂಸಿಬಿ 16 ದಾಟಬಾರದು. ಬಚ್ಚಲ ಹೊರಗೆ ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚು. ಕಂಬದ ಮೇಲೆ ದುರಸ್ತಿಯಾದಾಗ ಫೇಸು-ನ್ಯೂಟ್ರಲ್ ಅದಲುಬದಲಾಗುವ ಸಂಭವ ಹಳ್ಳಿಗಳಲ್ಲಿ ಇದ್ದೇ ಇದೆ. ಒಂಟಿ ಸ್ವಿಚ್ಚು ಆಗ ಆರಿಸಿದಂತೆ ಕಂಡರೂ ಗೀಜರಿನೊಳಗಿನ ಕಾಯಿಲಿನಲ್ಲಿ ವಿದ್ಯುತ್ ಉಳಿದಿರುತ್ತದೆ.

ಬೋರ್ಡು ಸರಿಯಾಯಿತು ಎಂದುಕೊಂಡರೂ ಅದಕ್ಕೆ ಬರುವ ದಾರಿ ಉಳಿಯಿತು. ಕಂಬದಿಂದ ಮೀಟರಿಗೆ ಎಳೆದ ಸರ್ವಿಸ್ ವೈರು ಬಹಳ ಕಡೆ ಸಣ್ಣ ಅಲ್ಯೂಮಿನಿಯಂ. ಎರಡೂವರೆ ಚದರ ಮಿಲಿಮೀಟರಿನ ಅಂಥ ವೈರು 30 ಮೀಟರ್ ಇದೆ ಎನ್ನಿ. ಹೋಗಿ ಬರುವ ಎರಡೂ ತಂತಿ ಸೇರಿ ಅದರ ರೋಧ ಒಂದು ಓಮಿನ ಮೂರನೆಯ ಎರಡು ಭಾಗದಷ್ಟು. 13 ಆಂಪಿಯರ್ ಹರಿದಾಗ ಸುಮಾರು ಒಂಬತ್ತು ವೋಲ್ಟ್ ಅಲ್ಲೇ ಸೋರುತ್ತದೆ, 115 ವ್ಯಾಟಿನಷ್ಟು ಬಿಸಿ ತಂತಿಯಲ್ಲೇ ಹುಟ್ಟುತ್ತದೆ. ಇನ್ನೊಂದು ಗೀಜರು ಸೇರಿ ಆಂಪಿಯರ್ ಎರಡು ಪಟ್ಟಾದರೆ ಬಿಸಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ: 460 ವ್ಯಾಟ್. ಆ ತಂತಿಯಲ್ಲೊಂದು ಸಡಿಲು ಜೋಡಣೆ ಇದ್ದರೆ ಬಿಸಿಯ ದೊಡ್ಡ ಪಾಲು ಆ ಒಂದೇ ಜಾಗದಲ್ಲಿ ಕೂಡಿಕೊಳ್ಳುತ್ತದೆ. ಮೀಟರಿನ ಕೆಳಗಿನ ಸ್ಕ್ರೂ ಕಪ್ಪಾಗುವುದು, ಪವರ್ ಪ್ಲಗ್ಗಿನ ಬಾಯಿ ಹಳದಿಯಾಗುವುದು, ಸುಟ್ಟ ರಬ್ಬರಿನ ವಾಸನೆ ಬರುವುದು ಇವೆಲ್ಲ ಮೊದಲ ಸುಳಿವುಗಳು. ಕೈಯಿಂದ ಮುಟ್ಟಿ ನೋಡದೆ, ಮೇನ್ ಆರಿಸಿ ಬಲ್ಲವರನ್ನು ಕರೆಯಬೇಕು. ಮೀಟರಿನ ಆಚೆಗಿನ ಭಾಗವಾದರೆ ವಿದ್ಯುತ್ ಕಂಪನಿ ಹೆಸ್ಕಾಂನವರಿಗೇ 1912ಕ್ಕೆ ಕರೆ ಮಾಡಬೇಕು.

ಇನ್ನು ವೋಲ್ಟೇಜ್. ಕಾಯಿಲು ಕೊಡುವ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಊರ ಕೊನೆಯ ಓಣಿಯಲ್ಲಿ ನಸುಕಿಗೆ 230ರ ಬದಲು 180 ವೋಲ್ಟ್ ಬರುತ್ತಿದ್ದರೆ, 3 ಕಿಲೋವ್ಯಾಟಿನ ಗೀಜರು 1.8 ಕಿಲೋವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಹತ್ತು ನಿಮಿಷದ ಬಕೆಟ್ಟಿಗೆ ಹದಿನೇಳು ನಿಮಿಷ. ಗೀಜರು ಕೆಟ್ಟಿತೆಂದು ಅಂಗಡಿಗೆ ಹೊತ್ತೊಯ್ಯುವ ಮುನ್ನ ಬೋರ್ಡಿನಲ್ಲಿ ವೋಲ್ಟ್ ಎಷ್ಟಿದೆ ಎಂದು ಅಳೆಸುವುದು ಒಳ್ಳೆಯದು. ಬೋರಿನ ಗಡಸು ನೀರಿನಿಂದ ಕಾಯಿಲಿನ ಮೇಲೆ ಕಟ್ಟುವ ಸುಣ್ಣದ ಪದರವೂ ಇನ್ನೊಂದು ಕಾರಣ. ಅದು ಬಿಸಿಯನ್ನು ನೀರಿಗೆ ಬಿಡದೆ ಕಾಯಿಲನ್ನೇ ಸುಡುತ್ತದೆ.

ವೋಲ್ಟೇಜ್ ಯಾಕೆ ಬೀಳುತ್ತದೆ ಎಂದು ಹುಡುಕುತ್ತಾ ಹೋದರೆ ಊರ ಟ್ರಾನ್ಸ್‌ಫಾರ್ಮರಿನ, ಅಂದರೆ ಟಿಸಿಯ ಕೆಳಗೆ ಬಂದು ನಿಲ್ಲುತ್ತೇವೆ. ನಮ್ಮ ಹಳ್ಳಿಗಳಲ್ಲಿ 25, 63, 100 ಕೆವಿಎ ಟಿಸಿಗಳನ್ನು ನೋಡುತ್ತೇವೆ. 25 ಕೆವಿಎ ಟಿಸಿ ಒಂದೊಂದು ಫೇಸಿನಲ್ಲಿ ಕೊಡಬಲ್ಲದ್ದು ಸುಮಾರು 33 ಆಂಪಿಯರ್. ಅಂದರೆ ಫೇಸಿಗೆ ಎರಡೂವರೆ ಗೀಜರು! 63 ಕೆವಿಎ ಆದರೆ ಫೇಸಿಗೆ 84 ಆಂಪಿಯರ್, ಮೂರೂ ಫೇಸು ಸೇರಿ ಸುಮಾರು 250. ಅದರ ಕೆಳಗೆ ನಲವತ್ತು ಮನೆಗಳಿದ್ದು, ಇಪ್ಪತ್ತು ಮನೆಗಳಲ್ಲಿ ಒಟ್ಟಿಗೆ ಗೀಜರು ಹಚ್ಚಿದರೆ 260. ಉಳಿದ ದೀಪ, ಮೋಟರು, ಮಿಕ್ಸರುಗಳಿಗೆ ಜಾಗವೇ ಇಲ್ಲ.

ಸಾಮಾನ್ಯ ದಿನಗಳಲ್ಲಿ ಹೀಗಾಗುವುದಿಲ್ಲ. ಹೊಲಕ್ಕೆ ಹೋಗುವವರ ಜಳಕ ಒಂದು ಹೊತ್ತು, ಶಾಲೆಯ ಮಕ್ಕಳದು ಇನ್ನೊಂದು, ಹೆಣ್ಣುಮಕ್ಕಳದು ಮತ್ತೊಂದು. ಈ ಹಿಂದುಮುಂದಿನಿಂದಲೇ ಟಿಸಿ ಬದುಕಿದೆ. ವಿದ್ಯುತ್ ಕಂಪನಿಗಳೂ ಎಲ್ಲರೂ ಒಮ್ಮೆಗೇ ಎಳೆಯುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಟಿಸಿಯ ಅಳತೆ ನಿರ್ಧರಿಸುತ್ತವೆ. ಆದರೆ ನರಕ ಚತುರ್ದಶಿಯ ನಸುಕಿಗೆ ಆ ನಂಬಿಕೆ ನಿಲ್ಲುವುದಿಲ್ಲ. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲು ತಿಕ್ಕಿ ತೊಳೆದು, ಹಂಡೆಗೆ ಸುಣ್ಣ-ಕೆಮ್ಮಣ್ಣಿನ ಗೆರೆ ಎಳೆದು, ಹೊಸ ನೀರು ತುಂಬಿರುತ್ತಾರೆ. ಮರುದಿನ ಹೊತ್ತು ಹುಟ್ಟುವ ಮೊದಲೇ ಮನೆಮಂದಿಯದೆಲ್ಲ ಎಣ್ಣೆ ಜಳಕ ಆಗಬೇಕು. ಹಂಡೆಯ ಒಲೆಯಿದ್ದಾಗ ಒಂದು ಮನೆಯ ಒಲೆ ಇನ್ನೊಂದು ಮನೆಯ ಒಲೆಯ ಉರಿ ಕಸಿಯುತ್ತಿರಲಿಲ್ಲ. ಗೀಜರಿನಲ್ಲಿ ಕಸಿಯುತ್ತದೆ. ಟಿಸಿಗೆ ಸಮೀಪದ ಮನೆಗಳು ಎಳೆದಷ್ಟೂ ಕೊನೆಯ ಓಣಿಯ ವೋಲ್ಟೇಜ್ ಕುಸಿಯುತ್ತದೆ. ಜನವರಿಯಲ್ಲಿ ಸಂಗೊಳ್ಳಿಯಲ್ಲಿ ರಾಯಣ್ಣ ಉತ್ಸವ ನಡೆದಾಗ ಮನೆಮನೆಗೂ ನೆಂಟರು ಬಂದು ಉಳಿಯುತ್ತಾರೆ, ಚಳಿಯೂ ಆಗಲೇ ಹೆಚ್ಚು, ಆಗಲೂ ಇದೇ ಪಾಡು. ಅರ್ಧ ತಾಸಿನ ಅತಿಭಾರವನ್ನು ಟಿಸಿ ಚಳಿಗಾಲದಲ್ಲಿ ತಾಳಿಕೊಳ್ಳುತ್ತದೆ, ಅದರೊಳಗಿನ ಎಣ್ಣೆ ಬಿಸಿಯಾಗಲು ತಾಸುಗಳು ಬೇಕು. ಮನೆಗಳ ಕಡೆ ಒಯ್ಯುವ ಸಣ್ಣ ತಂತಿಗಳಿಗೆ ಆ ಬಿಡುವಿಲ್ಲ, ಅವುಗಳಲ್ಲಿ ವೋಲ್ಟೇಜ್ ಆ ಕ್ಷಣವೇ ಬೀಳುತ್ತದೆ.

ಟಿಸಿಯನ್ನು ದೊಡ್ಡದು ಮಾಡಿ ಎಂದು ಕೇಳುವ ಹಕ್ಕು ಊರಿಗಿದೆ, ಕೇಳಬೇಕು ಕೂಡ. ಆ ಬೇಡಿಕೆಗೆ ಬಲ ಬರುವುದು ನಮ್ಮ ಬಿಲ್ಲಿನ ಒಂದು ಸಾಲಿನಿಂದ. ಸಂಪರ್ಕದ ಗುರುತಾದ ಆರ್‌ಆರ್ ನಂಬರಿನ ಆಸುಪಾಸಿನಲ್ಲೇ ಮಂಜೂರಾದ ಲೋಡ್ ಇಷ್ಟು ಕಿಲೋವ್ಯಾಟ್ ಎಂದು ಮುದ್ರಿಸಿರುತ್ತಾರೆ. ಸಂಪರ್ಕ ಪಡೆದ ದಿನ ನಾವು ಹೇಳಿ ಬರೆಸಿದ ಅಂಕಿ ಅದು. ಹಳೆಯ ಮನೆಗಳಲ್ಲಿ ಅದು ಒಂದೇ ಕಿಲೋವ್ಯಾಟ್ ಇರುವುದುಂಟು. ತಿಂಗಳ ನಿಗದಿತ ಶುಲ್ಕ ಕಿಲೋವ್ಯಾಟಿನ ಲೆಕ್ಕದಲ್ಲಿ ಬೀಳುವುದರಿಂದ ಕಡಿಮೆ ಬರೆಸುವುದೇ ಜಾಣತನ ಎಂಬ ರೂಢಿ ಬೆಳೆದಿದೆ. ನಲವತ್ತು ಮನೆ ಒಂದೊಂದು ಕಿಲೋವ್ಯಾಟ್ ಬರೆಸಿದ ಊರಲ್ಲಿ ಕಾಗದದ ಮೇಲೆ ಒಟ್ಟು ಭಾರ 40, 63 ಕೆವಿಎ ಟಿಸಿ ಧಾರಾಳ ಸಾಕೆಂದು ಲೆಕ್ಕ ಹೇಳುತ್ತದೆ. ಕಂಬದ ಮೇಲಿನ ತಂತಿ ಬೇರೆ ಲೆಕ್ಕ ಹೇಳುತ್ತಿರುತ್ತದೆ. ಗೀಜರು ಹಾಕಿಸಿದವರು ಶಾಖಾ ಕಚೇರಿಗೆ ಹೋಗಿ ಹೆಚ್ಚುವರಿ ಲೋಡ್ ಮಂಜೂರು ಮಾಡಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಆಗ ಸರ್ವಿಸ್ ವೈರು, ಮೀಟರು ಆ ಭಾರಕ್ಕೆ ತಕ್ಕವೇ ಎಂಬ ಮಾತು ಬರುತ್ತದೆ. ಮನೆಯ ಭಾರ ಐದು ಕಿಲೋವ್ಯಾಟಿನ ಆಸುಪಾಸು ದಾಟಿದರೆ ಸಾಮಾನ್ಯವಾಗಿ ತ್ರೀ ಫೇಸಿನ ಮಾತೂ ಬರುತ್ತದೆ. ಎರಡು ಗೀಜರು ಇರುವ ಮನೆಗೆ ಅದೇ ಸರಿ, ಎರಡನ್ನೂ ಬೇರೆ ಬೇರೆ ಫೇಸಿಗೆ ಹಂಚಬಹುದು.

ಗೃಹಜ್ಯೋತಿಯಿಂದ ಕರೆಂಟು ಪುಕ್ಕಟೆಯಲ್ಲವೇ, ಗೀಜರಿಗೇನು ಖರ್ಚು ಎನ್ನುವವರಿಗೆ ಒಂದು ಚಿಕ್ಕ ಲೆಕ್ಕ. ಐದು ಜನರ ಮನೆ, ದಿನಕ್ಕೆ ಐದು ಬಕೆಟ್, ಬಕೆಟ್ಟಿಗೆ ಅರ್ಧ ಯುನಿಟ್ಟಿಗೆ ತುಸು ಹೆಚ್ಚು. ತಿಂಗಳಿಗೆ 76 ಯುನಿಟ್. 2023ರಲ್ಲಿ ಬಂದ ಈ ಯೋಜನೆಯಲ್ಲಿ 200 ಯುನಿಟ್ ಎಂಬುದು ಮೇಲ್ಮಿತಿ, ಎಲ್ಲರಿಗೂ ಪುಕ್ಕಟೆ ಸಿಗುವ ಪಾಲಲ್ಲ. 2022–23ರಲ್ಲಿ ಆ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸಾಮಾನ್ಯವಾಗಿ ಶೇ 10 ಸೇರಿಸಿದ್ದು ಅದರ ಪಾಲು. ಆಗ 60 ಯುನಿಟ್ ಬಳಸುತ್ತಿದ್ದ ಮನೆಗೆ ಸಿಗುವುದು 66. ಹೊಸ ಗೀಜರಿನ ಹೆಚ್ಚಿನ ಪಾಲಿಗೆ ಹಣ ಕಟ್ಟಬೇಕಾಗುತ್ತದೆ. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ.

ಹಣದ ಮಾತಿಗಿಂತ ದೊಡ್ಡದು ಜೀವದ ಮಾತು. ಕಾಯಿಲಿನ ಹೊದಿಕೆ ಬಿರಿದು ನೀರಿಗೆ ವಿದ್ಯುತ್ ಇಳಿದಾಗ ಎಂಸಿಬಿ ಬೀಳದೇ ಇರಬಹುದು. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಸಣ್ಣ ತುಣುಕು ಸಾಕು, 20 ಆಂಪಿಯರಿನ ಎಂಸಿಬಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕಾಗಿ ಬೇರೆಯೇ ಒಂದು ಸಾಧನ, ಆರ್‌ಸಿಸಿಬಿ, ಬೇಕು. ಹೋದ ವಿದ್ಯುತ್ತಿಗೂ ಮರಳಿ ಬಂದ ವಿದ್ಯುತ್ತಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೂ ಅದು ಕ್ಷಣದಲ್ಲಿ ಕಡಿಯುತ್ತದೆ. ಇದಿಲ್ಲದ ಬೋರ್ಡಿನಿಂದ ಬಚ್ಚಲಿಗೆ ಗೀಜರು ಕೊಡಬಾರದು. ಖರ್ಚು ಉಳಿಸಲು ಎಲ್ಲಿ ಬೇಕಾದರೂ ಹಿಡಿತ ಮಾಡಿ, ಇಲ್ಲಿ ಬೇಡ.

ಅರ್ಥಿಂಗಿನ ವಿಷಯದಲ್ಲಿ ನಮ್ಮ ಎರೆಮಣ್ಣು ಬೇರೆಯೇ ನಡೆಯುತ್ತದೆ. ಮಳೆಗಾಲದಲ್ಲಿ ಹಸಿ ಹಿಡಿದು ಅರ್ಥ್ ಪೈಪನ್ನು ಗಟ್ಟಿಯಾಗಿ ಅಪ್ಪಿಕೊಳ್ಳುತ್ತದೆ, ವಿದ್ಯುತ್ತನ್ನು ಸಲೀಸಾಗಿ ನೆಲಕ್ಕೆ ಬಿಡುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ರಾಮದುರ್ಗ, ಸವದತ್ತಿಯ ಕಡೆ ಬಿರುಕುಗಳಲ್ಲಿ ಕೈ ಇಳಿಯುವಷ್ಟು ಜಾಗವಾಗುತ್ತದೆ. ಜುಲೈನಲ್ಲಿ ಅಳೆದು ಒಳ್ಳೆಯದೆಂದು ಬರೆದ ಅರ್ಥಿಂಗ್ ಏಪ್ರಿಲ್‌ನಲ್ಲಿ ಹೆಸರಿಗಷ್ಟೇ ಉಳಿದಿರಬಹುದು. ಇದ್ದಿಲು-ಉಪ್ಪು ಹಾಕಿ ತೋಡಿದ ಗುಂಡಿಗೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕುವ ಹಿರಿಯರ ರೂಢಿ ಬಹಳ ಸರಿಯಾದದ್ದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಸಿಂಗಲ್ ಫೇಸಿನ, ಹಳೆಯ ವೈರಿನ ಮನೆಗೆ ಇನ್‌ಸ್ಟಂಟ್ ಗೀಜರು ತಕ್ಕದ್ದಲ್ಲ. 15 ಲೀಟರಿನ ಟಾಕಿಯ, 2 ಕಿಲೋವ್ಯಾಟಿನ ಗೀಜರು 8.7 ಆಂಪಿಯರ್ ಅಷ್ಟೇ ಎಳೆಯುತ್ತದೆ. 20 ಡಿಗ್ರಿಯ ನೀರನ್ನು 60ಕ್ಕೆ ತರಲು ಇಪ್ಪತ್ತೊಂದು ನಿಮಿಷ ಬೇಕು. ಆ 15 ಲೀಟರಿಗೆ ತಣ್ಣೀರು ಬೆರೆಸಿದರೆ 42 ಡಿಗ್ರಿಯ 27 ಲೀಟರ್ ಜಳಕದ ನೀರಾಗುತ್ತದೆ, ಒಂದು ಬಕೆಟ್ ತುಂಬಿ ಇನ್ನೂ ಮಿಗುತ್ತದೆ. ಇಪ್ಪತ್ತು ನಿಮಿಷ ಮೊದಲೇ ಸ್ವಿಚ್ಚು ಹಾಕುವ ತಾಳ್ಮೆ ಇದ್ದರೆ ಬೋರ್ಡಿನ ಮೇಲಿನ ಹೊರೆ ಮೂರನೆಯ ಒಂದು ಭಾಗ ಇಳಿಯುತ್ತದೆ. ಆಗಲೂ ಮೋಟರು ಹಚ್ಚಿದಾಗ ಗೀಜರು ಬೇಡ ಎಂಬ ಕ್ರಮವನ್ನು ಮನೆಯವರೆಲ್ಲ ಪಾಲಿಸಬೇಕು.

ಇನ್ನೂ ಒಳ್ಳೆಯದು ಸೋಲಾರ್ ವಾಟರ್ ಹೀಟರ್. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಬೇಕಾದ ಮೂರೂವರೆ ಯುನಿಟ್ಟನ್ನು ಅದು ಬಿಸಿಲಿನಿಂದ ತೆಗೆದುಕೊಳ್ಳುತ್ತದೆ, ಬೋರ್ಡಿಗೆ ಸುದ್ದಿಯೇ ಇಲ್ಲ. ರಾಮದುರ್ಗ, ಸವದತ್ತಿಯ ಬಿಸಿಲಿಗೆ ವರ್ಷದ ಹೆಚ್ಚಿನ ದಿನ ಅದೊಂದೇ ಸಾಕು. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನ ಕಡೆ ಆಷಾಢ-ಶ್ರಾವಣದ ಮೋಡಕ್ಕೆ ಒಂದು ಸಣ್ಣ ಆಸರೆ ಬೇಕಾಗುತ್ತದೆ. ಸೋಲಾರ್ ಹೀಟರ್ ಹಾಕಿಸಿದ ಮನೆಗೆ ಯುನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಬಿಲ್ಲಿನಲ್ಲಿ ಉಂಟು. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆಯ ಮೇಲೆ ವಿದ್ಯುತ್ ಫಲಕ ಹಾಕಿಸಿದವರು ಟಾಕಿಯ ಗೀಜರನ್ನು ಮಧ್ಯಾಹ್ನವೇ ಕಾಯಿಸಿ ಇಟ್ಟುಕೊಳ್ಳಬಹುದು. ಇನ್‌ಸ್ಟಂಟ್ ಗೀಜರಿಗೆ ಆ ಉಪಾಯ ನಡೆಯುವುದಿಲ್ಲ, ನಸುಕಿಗೆ ಬಿಸಿಲಿರುವುದಿಲ್ಲ. ಗ್ಯಾಸ್ ಗೀಜರು ಬಕೆಟ್ಟಿಗೆ ಸುಮಾರು 50 ಗ್ರಾಂ ಅನಿಲದಲ್ಲಿ ಕೆಲಸ ಮುಗಿಸುತ್ತದೆ, ಆದರೆ ಅದನ್ನು ಮುಚ್ಚಿದ ಬಚ್ಚಲೊಳಗೆ ಎಂದಿಗೂ ಹಾಕಬಾರದು. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಉಸಿರುಗಟ್ಟಿಸಿ ಕೊಲ್ಲುತ್ತದೆ.

ಈಗ ಮನೆ ಕಟ್ಟಿಸುತ್ತಿರುವವರಿಗೆ ಎಲ್ಲರಿಗಿಂತ ಹೆಚ್ಚು ಅನುಕೂಲವಿದೆ. ಸ್ಲ್ಯಾಬ್ ಹಾಕುವ ಮೊದಲೇ, ಗೋಡೆಗೆ ಗಿಲಾವು ಬೀಳುವ ಮೊದಲೇ, ಬೋರ್ಡಿನಿಂದ ಪ್ರತಿ ಬಚ್ಚಲಿಗೂ 25 ಮಿಲಿಮೀಟರಿನ ಪೈಪು ಬೇರೆಯಾಗಿ ಹೂಳಿಸಿ. 4 ಚದರದ ಫೇಸು, ನ್ಯೂಟ್ರಲ್ ಜೊತೆಗೆ ಅರ್ಥಿನ ಹಸಿರು ವೈರನ್ನು ಅದರಲ್ಲೇ ಎಳೆಸಿ. ಮಾಳಿಗೆಯಿಂದ ಬಚ್ಚಲಿಗೆ ಸೋಲಾರ್ ಬಿಸಿನೀರಿನ ಪೈಪನ್ನೂ ಆಗಲೇ ಇಳಿಸಿಬಿಡಿ, ಹೀಟರನ್ನು ಎರಡು ವರ್ಷ ಬಿಟ್ಟು ಕೊಂಡರೂ ಆದೀತು. ಡಿಬಿ ಪೆಟ್ಟಿಗೆಯಲ್ಲಿ ನಾಲ್ಕು ಎಂಸಿಬಿಯ ಜಾಗ ಖಾಲಿ ಬಿಡಿಸಿ. ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸಿ, ಯಾವ ಎಂಸಿಬಿ ಯಾವ ಕೋಣೆಯದು ಎಂದು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಕನ್ನಡದಲ್ಲಿ ಬರೆಸಿ ಅಂಟಿಸಿ. ರಾತ್ರಿ ಕರೆಂಟು ಬಿದ್ದಾಗ ಮನೆಯಲ್ಲಿರುವ ಅಜ್ಜಿಯೂ ಓದಿ ಸರಿಯಾದದ್ದನ್ನೇ ಎತ್ತುವಂತಿರಬೇಕು.